ಮೂರನೇ ಪುಟದ ತೂತು

ಅಪ್ಪ ಸ್ನಾನ ಮುಗಿಸಿ ಬರುವಷ್ಟರಲ್ಲಿ ಕೆಲಸ ಆಗಬೇಕು. ಮಗಳು ಪತ್ರಿಕೆಯ ಮೂರನೇ ಪುಟ ತೆಗೆದು, ಎಡಗಡೆಯ ಲೇಖನದ ಸುತ್ತ ಸರಸರ ಕತ್ತರಿ ಆಡಿಸಿದಳು.

"ಓದದೇನೇ ಕತ್ತರಿಸ್ತೀಯಲ್ಲೇ!" ಅಮ್ಮ ಅಡುಗೆಮನೆಯಿಂದ ಇಣುಕಿದರು. "ಅದೆಲ್ಲ ಉಪ್ಪುಖಾರ ಹಚ್ಚಿದ್ದು ಅಂತ ಅಪ್ಪನಿಗೆ ಹೇಳಿಬಿಡಬಾರ್ದಾ?"

"ನಾನು ಯಾವ ಬಾಯಲ್ಲಿ ಹೇಳ್ಲಮ್ಮ?"

ಅಪ್ಪನದು ಶಾಲೆಯ ಬ್ಯಾಗು ಹೊಲಿಸುವ ಸಣ್ಣ ಕಾರ್ಖಾನೆ. ಒಂಬತ್ತು ಯಂತ್ರ, ಒಂಬತ್ತು ಹೆಂಗಸರು. ಅಪ್ಪನೋ, ಮೋಡ ಕಂಡರೆ ಕೊಡೆ ಬಿಚ್ಚುವ ಆಸಾಮಿ. ಹೋದ ತಿಂಗಳು ಪತ್ರಿಕೆಯ ಇದೇ ಜಾಗದಲ್ಲಿ 'ಬರಲಿದೆ ಕೆಟ್ಟ ಕಾಲ' ಎಂದು ಓದಿ, ಮಾರನೆಯ ದಿನವೇ ಇಬ್ಬರನ್ನು ಮನೆಗೆ ಕಳಿಸಿದ್ದರು. ಬಂದ ಆರ್ಡರುಗಳಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಅಂದಿನಿಂದ ಮಗಳು ಕತ್ತರಿ ಹಿಡಿದಿದ್ದಳು. ಉಳಿದ ಏಳು ಜನರನ್ನಾದರೂ ಉಳಿಸಬೇಕು.

"ಇವತ್ತೂ ತೂತಾ?" ಅಪ್ಪ ತಲೆ ಒರೆಸುತ್ತಾ ಕೇಳಿದರು.

"ಆಫೀಸಿಗೆ ಬೇಕಿತ್ತಪ್ಪ." ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

"ತಗೋ ತಗೋ. ಕೆಲಸ ಮುಖ್ಯ."

ಶನಿವಾರ ಮಧ್ಯಾಹ್ನ ಕಾರ್ಖಾನೆಯ ಜಿಪ್ಪಕ್ಕ ಬಾಗಿಲಿಗೆ ಬಂದಳು. ಜಿಪ್ ಕೂರಿಸುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಮಗಳ ಮೊದಲ ಶಾಲೆ ಬ್ಯಾಗು ಹೊಲಿದವಳೂ ಅವಳೇ. ಕೈಯಲ್ಲಿ ಬಿಚ್ಚದ ಊಟದ ಡಬ್ಬಿ.

"ಸೋಮವಾರದಿಂದ ಬರಬೇಡ ಅಂದ್ರು ಪುಟ್ಟಿ. ಎಲ್ರಿಗೂ. ಇಪ್ಪತ್ತು ವರ್ಷ ಆಯ್ತು, ನನ್ನಿಂದ ಏನು ತಪ್ಪಾಯ್ತೋ?"

"ನಿಮ್ಮ ತಪ್ಪಲ್ಲಕ್ಕ," ಎಂದಳು ಮಗಳು. ಮುಖ ಎತ್ತಿ ನೋಡಲು ಧೈರ್ಯವಾಗಲಿಲ್ಲ. ಚಪ್ಪಲಿ ಮೆಟ್ಟಿ ಕಾರ್ಖಾನೆಗೆ ಓಡಿದಳು.

ಯಂತ್ರಗಳಿಗೆಲ್ಲ ಬಟ್ಟೆ ಹೊದಿಸಿತ್ತು. ಅಪ್ಪ ಒಬ್ಬರೇ ಕೂತಿದ್ದರು.

"ಯಾಕಪ್ಪ? ಕೈತುಂಬ ಆರ್ಡರ್ ಇದೆಯಲ್ಲ!"

"ಇವತ್ತಿದೆ. ನಾಳೆ?"

"ನಾಳೆ ಇರಲ್ಲ ಅಂತ ಯಾರು ಹೇಳಿದ್ರು?"

ಅಪ್ಪ ಮೇಜಿನ ಖಾನೆಯಿಂದ ದಪ್ಪ ಪುಸ್ತಕ ತೆಗೆದರು. ಅವಳು ಕತ್ತರಿಸಿ ಬಿಸಾಕಿದ್ದ ಲೇಖನಗಳೆಲ್ಲ ಅದರಲ್ಲಿದ್ದವು. ಒಂದೂ ಸುಕ್ಕಿಲ್ಲದಂತೆ ಅಂಟಿಸಿ, ಸಾಲುಸಾಲಿಗೂ ಗೆರೆ ಎಳೆದಿದ್ದರು.

"ಮನೆ ಪೇಪರು ನಿನ್ನ ಆಫೀಸಿಗೆ ಬೇಕಲ್ಲ, ಅದಕ್ಕೆ ದಿನಾ ಅಂಗಡೀಲಿ ಇನ್ನೊಂದು ಕೊಳ್ತೀನಿ."

"ಅದನ್ನೆಲ್ಲ ನಂಬ್ತಾರೇನಪ್ಪ!"

"ಬೇರೆ ಯಾರಾದ್ರೂ ಬರೆದಿದ್ರೆ ನಂಬ್ತಿರಲಿಲ್ಲ," ಲೇಖನದ ಕೆಳಗೆ ಅಚ್ಚಾಗಿದ್ದ ಮಗಳ ಹೆಸರನ್ನು ಬೆರಳಿನಿಂದ ಸವರುತ್ತಾ ಅಪ್ಪ ಹೆಮ್ಮೆಯಿಂದ ಹೇಳಿದರು, "ನೀನು ಬರೆದದ್ದಲ್ವಾ ಮಗಳೇ."