ಅವ್ವನ ಮೊಹರು

ಯಾರಾದರೂ ಸ್ಟ್ಯಾಂಪ್ ಪ್ಯಾಡ್ ತೆರೆದರೆ ಆ ನೇರಳೆ ಶಾಯಿಯ ವಾಸನೆಗೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಅವ್ವ ತಮಿಳುನಾಡಿನ ಹೊಸೂರಿನಲ್ಲಿ ನಮ್ಮ ವಾರ್ಡಿನ ಕೌನ್ಸಿಲರ್ ಆಗಿದ್ದಳು. ಫ್ಯಾಕ್ಟರಿ ಕಾರ್ಮಿಕರು ಮುಷ್ಕರ ಹೂಡಿದಾಗ ದಿನವೂ ರಾಗಿ ಅಂಬಲಿ ಕಾಯಿಸಿಕೊಂಡು ಹೋಗಿ ಗೇಟಿನ ಮುಂದೆ ಅವರ ಜೊತೆ ಕೂರುತ್ತಿದ್ದಳು. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವರೇ ನಮ್ಮ ಬಾಗಿಲಿಗೆ ಬಂದು ಸಾಲಾಗಿ ನಿಂತರು. ಕಾರ್ಮಿಕ ಸಂಘ ಬಿಟ್ಟಿದ್ದಾರೆಂದು ಕೌನ್ಸಿಲರ್ ಬರೆದುಕೊಟ್ಟ ಪತ್ರ ತಂದವರಿಗಷ್ಟೇ ಕೆಲಸ ಎಂದಿತ್ತಂತೆ ಕಂಪನಿ.

"ಬರ್ಕೊಡಕ್ಕಾ, ಮಕ್ಳ ಮುಖ ನೋಡಕ್ಕಾಯ್ತಿಲ್ಲ," ಅಂದ ಮೊದಲನೆಯವನು.

"ಬರ್ಕೊಡೇ," ಅಂದಳು ಒಳಗಿನಿಂದ ಅಜ್ಜಿ. "ಅಂಬಲೀಲಿ ಎಷ್ಟ್ ದಿನ ಬದುಕ್ತಾರೆ?"

ಅವ್ವ ತಲೆ ಎತ್ತದೆ ಬರೆದಳು. ನಾನು ಮೊಹರು ಒತ್ತುತ್ತಾ ಹೋದೆ. ಅವರ ಕೈಬೆವರಿಗೆ ಕಾಗದ ಮೆತ್ತಗಾಗುತ್ತಿತ್ತು.

ಸಾಲಿನ ಕೊನೆಯಲ್ಲಿ ಅಪ್ಪ ನಿಂತಿದ್ದ. ಗೇಟಿನ ಮುಂದೆ ಸಂಘದ ಬಾವುಟ ಕಟ್ಟಿದವನು ಅವನೇ. ಸ್ವಂತ ಮನೆಯ ಹೊರಗೆ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದ.

ಅವ್ವ ಗಂಡನ ಹೆಸರನ್ನು ಎಂದೂ ಬಾಯಲ್ಲಿ ಆಡಿದವಳಲ್ಲ. ಪೆನ್ನನ್ನು ನನ್ನ ಕೈಗಿಟ್ಟು, "ಇದ್ನ ನೀನೇ ಬರಿ ಮಗಾ," ಅಂದಳು.

ಶಾಲೆಯಲ್ಲಿ ಕಲಿಸಿದ ಹಾಗೆ, ತಮಿಳಿನಲ್ಲಿ, ಅಪ್ಪನ ಹೆಸರನ್ನು ದುಂಡಗೆ ಬರೆದು ಮೊಹರು ಒತ್ತಿದೆ.