ಓದಿ ಹೇಳ್ತೀನಿ

ಹಳೆಯ ಶಿಷ್ಯನ ಮನೆಯಲ್ಲಿ ಕೋಚ್ ಸೀಟಿ ಊದಿದರು. ಶಿಷ್ಯನ ಹೆಂಡತಿ ಒಂದು ಕಾಗದವನ್ನೂ ಪೆನ್ನನ್ನೂ ತಂದು ಗಂಡನ ಮುಂದೆ ಹಿಡಿದಳು. ಗಂಡ ಹಲ್ಲು ಕಿರಿದು, "ಯಾರ ಹೆಸರಿಗೆ ಬರೀಲಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸಹಿ ಹಾಕಿಬಿಟ್ಟ. ಹೆಸರಿನ ಕೊನೆಗೆ ಎಂದಿನಂತೆ ಒಂದು ಪುಟ್ಟ ಚೆಂಡು ಬಿಡಿಸುವುದನ್ನೂ ಮರೆಯಲಿಲ್ಲ.

"ಈಗ ಓದಿ, ಏನಿದೆ ಅಂತ" ಎಂದಳು ಹೆಂಡತಿ.

ಅವನು ಓದಿದ: "ಕೆಳಗೆ ಸಹಿ ಹಾಕಿರುವ ನಾನು ಶುದ್ಧ ದಡ್ಡ."

"ಎಂಟನೇ ಸಲ!" ಕೋಚ್ ಗುಡುಗಿದರು. "ಹೋಗು, ಮೆಟ್ಟಿಲು ಮೂರು ಸಲ ಹತ್ತಿ ಇಳಿದು ಬಾ."

ಒದೆತದ ರಭಸಕ್ಕೆ ಊರೆಲ್ಲ ಫಿರಂಗಿ ಎಂದು ಕರೆಯುತ್ತಿದ್ದ ಈ ಮನುಷ್ಯ ಹದಿನಾರು ವರ್ಷ ಫುಟ್‌ಬಾಲ್ ಆಡಿ, ಮೂರು ತಲೆಮಾರು ಕೂತು ಉಂಡರೂ ಕರಗದಷ್ಟು ದುಡಿದಿದ್ದ. ಕುಡಿತವಿಲ್ಲ, ಜೂಜಿಲ್ಲ. ಅವನನ್ನು ಮುಳುಗಿಸಿದ್ದು ಪೆನ್ನು. ಹತ್ತೊಂಬತ್ತನೇ ವಯಸ್ಸಿನಿಂದಲೂ ಅವನು ಮೈದಾನದಿಂದ ತಂಡದ ಬಸ್ಸಿನವರೆಗೆ ನಡೆಯುವಷ್ಟರಲ್ಲಿ ನೂರಾರು ಕೈಗಳು ಕಾಗದ ಚಾಚುತ್ತಿದ್ದವು. ಒಂದೊಂದನ್ನೂ ಓದುತ್ತ ನಿಂತರೆ ಬಸ್ಸು ಹೊರಡುವುದು ಯಾವಾಗ? ಹೀಗಾಗಿ ಕಾಗದ ಕಂಡರೆ ಸಾಕು, ಕೈ ತಾನಾಗಿ ಓಡುತ್ತಿತ್ತು. ಅದೇ ಕೈ ಆಮೇಲೆ ಗೆಳೆಯನ ಶೂ ಕಾರ್ಖಾನೆಗೂ, ದೂರದ ಚಿಕ್ಕಪ್ಪನ ಹೋಟೆಲಿಗೂ, ಹಲ್ಲಿನ ಡಾಕ್ಟರರ ಈಜುಕೊಳಕ್ಕೂ ಜಾಮೀನು ಸಹಿ ಹಾಕಿತು. ಕಾರ್ಖಾನೆ ಮುಳುಗಿತು, ಹೋಟೆಲೂ ಮುಳುಗಿತು. ಈಜುಕೊಳ ಮಾತ್ರ ನೀರು ತುಂಬುವ ಮೊದಲೇ ಮುಳುಗಿತು. ಕೋರ್ಟಿಗೆ ಹೋದ ಪ್ರತಿ ಕಾಗದದ ಕೆಳಗೂ ಆ ಮುದ್ದಾದ ಚೆಂಡು ಕೂತಿತ್ತು. ಈಗ ಉಳಿದಿದ್ದು ಈ ಮನೆಯೊಂದೇ. ಇವತ್ತು ಹನ್ನೊಂದು ಗಂಟೆಗೆ ಹೆಂಡತಿಯ ತಮ್ಮನೇ ಜಾಮೀನು ಪತ್ರ ಹಿಡಿದು ಬರುವವನಿದ್ದ. ಅವನ ಹೊಸ ಜಿಮ್‌ಗೆ ಬ್ಯಾಂಕಿನ ಸಾಲ ಬೇಕಂತೆ. ತೀರಿಸದಿದ್ದರೆ ಜಾಮೀನು ನಿಂತವನ ಮನೆ ಬ್ಯಾಂಕಿಗೆ.

"ನಾನು ಬೇಡ ಅಂದ್ರೆ ಹೊರಗೆ ಕರ್ಕೊಂಡು ಹೋಗಿ ಸಹಿ ಹಾಕಿಸ್ಕೋತಾನೆ ಸಾರ್. ಇವರ ಬಾಯಲ್ಲೇ ಬರಬೇಕು. ಇವರು ಜೀವನದಲ್ಲಿ ಮಾತು ಕೇಳಿದ್ದು ನಿಮ್ಮೊಬ್ಬರದೇ" ಎಂದು ಹೆಂಡತಿ ಬೆಳಗಾಗುತ್ತಲೇ ಫೋನಿನಲ್ಲಿ ಅತ್ತಿದ್ದಳು. ಕೋಚ್ ಟ್ರ್ಯಾಕ್ ಸೂಟಿನಲ್ಲೇ ಓಡಿಬಂದಿದ್ದರು. ಎಡಗಾಲು ಎತ್ತಲು ಬಾರದ ಹುಡುಗನಿಗೆ ಎಡಗಾಲಲ್ಲಿ ಗೋಲು ಹೊಡೆಯಲು ಕಲಿಸಿದವರು ಅವರು. ಎರಡು ಪದ ಕಲಿಸುವುದೇನು ಮಹಾ!

"ಬಲಗೈ ಜೇಬಿಗೆ ಹಾಕು. ಪೆನಾಲ್ಟಿ ಒದೆಯೋವಾಗ ಗೋಲ್‌ಕೀಪರ್ ಮುಖ ನೋಡ್ತಿದ್ಯೇನೋ? ಇಲ್ಲ ತಾನೇ? ಇಲ್ಲೂ ಮುಖ ನೋಡ್ಬೇಡ. ಏನು ಹೇಳ್ಬೇಕು?"

"ಓದಿ ಹೇಳ್ತೀನಿ."

"ಇನ್ನೂ ಇಪ್ಪತ್ತು ಸಲ!"

ಹನ್ನೊಂದಕ್ಕೆ ಸರಿಯಾಗಿ ಭಾವಮೈದ ಬಂದ. ಬಂದವನೇ ಕಾಗದ ಹರಡಿ ಪೆನ್ನಿನ ಮುಚ್ಚಳ ತೆಗೆದ. "ಭಾವ, ಜಿಮ್ ಬಾಗಿಲ ಮೇಲೆ ನಿಮ್ಮದೇ ಫೋಟೋ, ಇಷ್ಟು ದೊಡ್ಡದು! ಇಲ್ಲೊಂದು ಸಹಿ ಹಾಕ್ಬಿಡಿ, ಸಾಕು."

ಜೇಬಿನೊಳಗೆ ಬಲಗೈ ಚೀಲಕ್ಕೆ ಸಿಕ್ಕಿದ ಇಲಿಯಂತೆ ಒದ್ದಾಡಿತು.

"ಓದಿ ಹೇಳ್ತೀನಿ" ಎಂದ ಫಿರಂಗಿ.

"ನನ್ನ ಮೇಲೆ ನಂಬಿಕೆ ಇಲ್ವಾ ಭಾವ?"

"ಓದಿ ಹೇಳ್ತೀನಿ."

"ಹೋಗ್ಲಿ ಬಿಡಿ. ಒಂದು ಲೋಟ ನೀರಾದ್ರೂ ಸಿಗುತ್ತಾ?"

"ಓದಿ ಹೇಳ್ತೀನಿ."

ಹೆಂಡತಿಯ ಕಣ್ಣಲ್ಲಿ ನೀರು ಬಂತು. ಮದುವೆಯಾದಾಗಿನಿಂದ ಗಂಡನ ಬಾಯಲ್ಲಿ ಇಷ್ಟು ಒಳ್ಳೆಯ ಮಾತನ್ನು ಅವಳು ಕೇಳಿರಲಿಲ್ಲ. ಕೋಚ್ ತಮ್ಮ ಕೊರಳಿನ ಸೀಟಿ ಬಿಚ್ಚಿ ಶಿಷ್ಯನ ಕೊರಳಿಗೆ ಹಾಕಿದರು. "ಇನ್ನು ಇದು ನಿಂದು ಕಣೋ. ಯಾರಾದ್ರೂ ಕಾಗದ ತಂದ್ರೆ ಊದು."

ಭಾವಮೈದ ಮುಖ ಸಣ್ಣದು ಮಾಡಿಕೊಂಡು ಕಾಗದ ಮಡಚತೊಡಗಿದ. ಅರ್ಧ ಮಡಚಿದವನು ನಿಲ್ಲಿಸಿ ಕೋಚ್ ಕಡೆಗೆ ತಿರುಗಿದ. ಜಾಮೀನುದಾರನ ಹೆಸರಿನ ಜಾಗ ಇನ್ನೂ ಖಾಲಿಯೇ ಇತ್ತು.

"ಭಾವನ ಆ ಎಡಗಾಲು ನಿಮ್ಮ ಕೈಯಲ್ಲೇ ತಯಾರಾಗಿದ್ದಲ್ವಾ ಸಾರ್? ಜಗತ್ತಿಗೆ ಇದು ಗೊತ್ತೇ ಇಲ್ವಲ್ಲ! ಫೋಟೋ ನಿಮ್ಮದೇ ಹಾಕ್ಸಿದ್ರೆ ಹೇಗೆ? ನಿಮಗೂ ಒಂದು ಸ್ವಂತ ಮನೆ ಇದೆ ಅಲ್ವಾ? ಸಾರ್... ನಿಮ್ಮದೊಂದು ಸಹಿ ಸಿಗುತ್ತಾ?"

ನಲವತ್ತು ವರ್ಷ ಕೋಚ್ ಆ ಬಸ್ಸಿನ ಬಾಗಿಲಲ್ಲಿ ನಿಂತಿದ್ದರು. ಕಾಗದ ಚಾಚಿದವರೆಲ್ಲ "ಸ್ವಲ್ಪ ಸರೀರಿ ಸಾರ್" ಎಂದು ಅವರನ್ನು ಪಕ್ಕಕ್ಕೆ ತಳ್ಳಿ ಆಟಗಾರರ ಕಡೆಗೆ ನುಗ್ಗುತ್ತಿದ್ದರು. ಅವರ ಸಹಿ ಬೇಕೆಂದು ಒಬ್ಬನಾದರೂ ಕೇಳಿದ್ದಿಲ್ಲ. ಪಾಪ, ನಿಜಕ್ಕೂ ಪಾಪ.

ಕೋಚ್ ಕನ್ನಡಕ ಸರಿಮಾಡಿಕೊಂಡು ಪೆನ್ನು ತೆಗೆದುಕೊಂಡರು.

"ಯಾರ ಹೆಸರಿಗೆ ಬರೀಲಿ?" ಎಂದರು.

"ಸಾರ್, ಓದಿ! ಮೊದಲು ಓದಿ!" ಎಂದು ಹೆಂಡತಿ ಕೂಗಿಕೊಂಡಳು. ಫಿರಂಗಿ ಎದೆಯ ಉಸಿರನ್ನೆಲ್ಲ ತುಂಬಿ ಸೀಟಿ ಊದಿದ. ಕಿಟಕಿಯ ಗಾಜು ಝಲ್ ಎಂದಿತು. ಕೋಚ್ ತಲೆಯನ್ನೇ ಎತ್ತಲಿಲ್ಲ. ಅವರು ಹೆಸರು ಬರೆದು ಮುಗಿಸಿ, ಅದರ ಕೊನೆಗೆ, ನಲವತ್ತು ವರ್ಷದಿಂದ ಮನಸ್ಸಿನಲ್ಲೇ ತಿದ್ದಿಟ್ಟುಕೊಂಡಿದ್ದ ಒಂದು ಪುಟ್ಟ ಸೀಟಿಯ ಚಿತ್ರ ಬಿಡಿಸುತ್ತಿದ್ದರು.