ಟ್ಯಾಂಕರಿಗೆ ದಾರಿ

ಹವಾಮಾನ ತುರ್ತುಸ್ಥಿತಿ ಘೋಷಿಸಬೇಕೆಂದು ಕಾಲೇಜಿನ ಹುಡುಗರು ನಡುರಸ್ತೆಯಲ್ಲಿ ಕೂತಿದ್ದರು. ನಿಂತುಹೋದ ವಾಹನಗಳ ಸಾಲಿನಲ್ಲಿ ವಾರಕ್ಕೊಮ್ಮೆ ಬರುವ ನೀರಿನ ಟ್ಯಾಂಕರೂ ಸಿಕ್ಕಿಕೊಂಡಿತ್ತು. ಮುಂದಿನ ಓಣಿಯ ಹೆಂಗಸರು ಬೆಳಗಿನಿಂದ ಕೊಡಗಳನ್ನು ಸಾಲಾಗಿಟ್ಟು ಕಾದು, ಕೊನೆಗೆ ಖಾಲಿ ಕೊಡ ಎತ್ತಿಕೊಂಡೇ ಜಗಳಕ್ಕೆ ಬಂದರು.

“ಏಳ್ರೋ ಮೇಲೆ! ರಸ್ತೆ ನಿಮ್ಮಪ್ಪಂದಾ?” ಎಂದಳು ಮುಂದಿದ್ದ ಮುನಿರತ್ನಮ್ಮ.

“ಆಂಟಿ, ಭೂಮಿ ಸುಡ್ತಾ ಇದೆ. ನಿಮಗೋಸ್ಕರಾನೇ ನಾವು...” ಎಂದಳು ಬ್ಯಾನರ್ ಹಿಡಿದಿದ್ದ ಹುಡುಗಿ.

“ಬರಿಗಾಲಲ್ಲಿ ನಿಂತಿರೋಳಿಗೆ ಭೂಮಿ ಸುಡೋದು ಹೇಳ್ಕೊಡ್ತೀಯಾ? ಮನೇಲಿ ಬಾಣಂತಿ ಅವ್ಳೆ, ಒಂದು ಚೊಂಬು ನೀರಿಲ್ಲ.”

“ನಾಲ್ಕು ಬಿಡಕ್ಕ, ಬುದ್ಧಿ ಬರ್ಲಿ!” ಎಂದು ಬೈಕಿನವನೊಬ್ಬ ಕೂಗಿದ.

ಮುನಿರತ್ನಮ್ಮ ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿದಳು. ಉಳಿದವರು ತಾವಾಗಿಯೇ ಎದ್ದರು. ವಾಹನಗಳು ಹಾರ್ನ್ ಹೊಡೆಯುತ್ತ ಹೊರಟವು. ಹೆಂಗಸರು ಟ್ಯಾಂಕರಿನ ಹಿಂದೆ ಓಡಿದರು. ಅದು ಅವರ ಓಣಿಯ ಬಾಯಲ್ಲಿ ನಿಲ್ಲಲೇ ಇಲ್ಲ.

“ಇವತ್ತು ನಿಮಗಿಲ್ಲ ಕಣ್ರಮ್ಮಾ, ಲೇಟಾಗೋಯ್ತು,” ಎಂದು ಡ್ರೈವರ್ ಕಿಟಕಿಯಿಂದಲೇ ಕೂಗಿ, ಆಚೆಗಿದ್ದ ಅಪಾರ್ಟ್‌ಮೆಂಟಿನೊಳಗೆ ಗಾಡಿ ತಿರುಗಿಸಿದ. ಹಿಂದೆಯೇ ಗೇಟು ಮುಚ್ಚಿತು.

ಹುಡುಗರು ಬ್ಯಾನರ್ ಮಡಚುತ್ತಿದ್ದರು. ಮುನಿರತ್ನಮ್ಮ ಏದುಸಿರು ಬಿಡುತ್ತ ಬರುವುದನ್ನು ಕಂಡು ಹುಡುಗಿ ಹಿಂದೆ ಸರಿದಳು. ಮುನಿರತ್ನಮ್ಮ ಖಾಲಿ ಕೊಡವನ್ನು ನಡುರಸ್ತೆಯಲ್ಲಿ ಕುಕ್ಕಿ, ಅದರ ಪಕ್ಕದಲ್ಲೇ ಕೂತಳು.

“ಎಲ್ಲಿಗೆ ಹೊಂಟ್ರಿ? ಕೂತ್ಕಳ್ರೋ.”